ಮೇಷ್ಟ್ರ ತರಬೇತಿಗೆ ಡ್ಯಾಶ್‌ಬೋರ್ಡ್ ಸಾಕೇ?

ದಸರಾ ರಜೆಗೆ ರಾಯಚೂರಿಗೆ ಹೋಗಿದ್ದಾಗ ಅತ್ತಿಗೆ ನನ್ನ ಮುಂದೆ ಒಂದು ಕೈಚೀಲ ತಂದು ಸುರಿದರು. ಒಳಗಿದ್ದದ್ದು ನಾಲ್ಕು ಟಿಇಟಿ ಗೈಡ್‌ಗಳು. ಎರಡು ಕನ್ನಡದವು, ರಾಯಚೂರಿನ ಅಂಗಡಿಯಲ್ಲಿ ಕೊಂಡದ್ದು. ಇನ್ನೆರಡು ತೆಲುಗಿನವು, ಹೈದರಾಬಾದಿನ ಕೋಠಿಯಿಂದ ಯಾರ ಕೈಲೋ ತರಿಸಿಕೊಂಡದ್ದು. ‘ಇದ್ರಾಗ ಯಾವುದು ಓದಬೇಕು ಹೇಳಪ್ಪಾ, ನೀ ಎಂಟೆಕ್ ಮಾಡಿದಾವ’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅತ್ತಿಗೆಯ ತವರು ಕೃಷ್ಣಾ ನದಿಯ ಆಚೆ ದಂಡೆ. ಅಲ್ಲಿಯೇ ಓದಿ, ಅಲ್ಲಿಯದೇ ಜಿಲ್ಲೆಯ ಡಿಎಸ್‌ಸಿಯಲ್ಲಿ ಆಯ್ಕೆಯಾಗಿ, ಈಗ ತೆಲಂಗಾಣಕ್ಕೆ ಸೇರಿದ ಗಡಿ ಮಂಡಲವೊಂದರ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಅವರು ಕೆಲಸಕ್ಕೆ ಸೇರಿದಾಗ ಟಿಇಟಿ ಎಂಬ ಪರೀಕ್ಷೆಯೇ ಇರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಟಿಇಟಿಯನ್ನು ಕಡ್ಡಾಯ ಮಾಡಿದ್ದು ಅದೇ ವರ್ಷದ ಆಗಸ್ಟ್ 23ರ ಅಧಿಸೂಚನೆಯಲ್ಲಿ. ಅದಕ್ಕೂ ಮೊದಲು ನೇಮಕವಾದವರು ಈ ಪರೀಕ್ಷೆ ತಮಗಲ್ಲ ಎಂದು ನೆಮ್ಮದಿಯಾಗಿದ್ದರು.

2025ರ ಸೆಪ್ಟೆಂಬರ್ 1ರಂದು ಆ ನೆಮ್ಮದಿ ಮುಗಿಯಿತು. ಒಂದರಿಂದ ಎಂಟನೇ ತರಗತಿವರೆಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರೆಲ್ಲ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲವಾದರೆ ಸೇವೆ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಕೆಲವು ರಾಜ್ಯಗಳು ಮರುಪರಿಶೀಲನೆ ಕೇಳಿವೆ, ಸಂಘಟನೆಗಳು ದೆಹಲಿಗೆ ಹೋಗಿ ಬಂದಿವೆ. ಅತ್ತಿಗೆಗೆ ಅದ್ಯಾವುದರ ಮೇಲೂ ಭರವಸೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ 2027ರ ಆಗಸ್ಟ್ ಇಲ್ಲದ್ದರಿಂದ ಅದರ ಹಿಂಬದಿಯಲ್ಲೇ ಪೆನ್ನಿನಿಂದ ಬರೆದಿಟ್ಟುಕೊಂಡಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷಕರಿಗೆ ಪರೀಕ್ಷೆಯೇ ಬೇಡ ಎನ್ನುವವನು ನಾನಲ್ಲ. ಮಗುವಿನ ಗುಣಮಟ್ಟದ ಶಿಕ್ಷಣದ ಹಕ್ಕು ದೊಡ್ಡದು ಎಂಬ ನ್ಯಾಯಾಲಯದ ತರ್ಕವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಹೈದರಾಬಾದಿನಲ್ಲಿ ಮಗಳ ಎಲ್‌ಕೆಜಿಗೆ ಕಟ್ಟುವ ಫೀ ನೆನೆದರೆ, ಮೇಷ್ಟ್ರಿಗೆ ವಿಷಯ ಬರುತ್ತದೋ ಇಲ್ಲವೋ ಎಂದು ಕೇಳುವ ಹಕ್ಕು ಬಡ ಮಗುವಿನ ತಂದೆತಾಯಿಗೂ ಇದೆ ಅನಿಸುತ್ತದೆ. ನನ್ನ ತಕರಾರು ಬೇರೆ. ಈ ಎರಡೇ ವರ್ಷಗಳಲ್ಲಿ ಸರ್ಕಾರ ಶಿಕ್ಷಕರಿಗೆ ಇನ್ನೊಂದು ಲೆಕ್ಕವನ್ನೂ ಇಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕ ಮತ್ತು ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ನಿರಂತರ ವೃತ್ತಿ ತರಬೇತಿ ಎಂದಿದೆ. ಎರಡು ವರ್ಷಕ್ಕೆ ನೂರು ಗಂಟೆ. ಒಂದು ಕಡೆ ಕೆಲಸ ಉಳಿಸಿಕೊಳ್ಳುವ ಪರೀಕ್ಷೆ, ಇನ್ನೊಂದು ಕಡೆ ನೂರು ಗಂಟೆಯ ಕಲಿಕೆ. ಇವೆರಡೂ ಒಂದನ್ನೊಂದು ಭೇಟಿಯೇ ಆಗಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎರಡು ಸಿಸ್ಟಂಗಳಿವೆ, ನಡುವೆ ಇಂಟರ್‌ಫೇಸ್ ಇಲ್ಲ.

ಆನ್‌ಲೈನ್ ತರಬೇತಿ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ನಮ್ಮಂಥ ಕಂಪನಿಗಳಲ್ಲಿ ಪ್ರತಿ ವರ್ಷ ಮಾಹಿತಿ ಸುರಕ್ಷತೆ, ನೀತಿ ಸಂಹಿತೆ ಮುಂತಾದ ಕಡ್ಡಾಯ ಕೋರ್ಸುಗಳಿರುತ್ತವೆ. ವಿಡಿಯೊವನ್ನು ಮ್ಯೂಟ್ ಮಾಡಿ ಇನ್ನೊಂದು ಟ್ಯಾಬಿನಲ್ಲಿ ಕೋಡ್ ಬರೆಯುವುದು, ಕೊನೆಯ ಕ್ವಿಜ್‌ಗೆ ಪಕ್ಕದವನನ್ನು ಕೇಳಿ ಉತ್ತರ ಒತ್ತುವುದು, ಪ್ರಮಾಣಪತ್ರ ಡೌನ್‌ಲೋಡ್ ಮಾಡುವುದು. ಮೇಲಿನವರ ಡ್ಯಾಶ್‌ಬೋರ್ಡಿನಲ್ಲಿ ನೂರಕ್ಕೆ ನೂರು ಹಸಿರು. ಇಂಥ ಒಂದು ಡ್ಯಾಶ್‌ಬೋರ್ಡಿನ ಹಿಂಬದಿ ಕೋಡನ್ನು ಒಂದು ವರ್ಷ ನಾನೇ ನೋಡಿಕೊಂಡಿದ್ದೆ. ಅದು ಅಳೆಯುತ್ತಿದ್ದದ್ದು ಒಂದೇ: ವಿಡಿಯೊ ಕೊನೆ ಮುಟ್ಟಿತೇ ಇಲ್ಲವೇ.

ಶಿಕ್ಷಕರ ಜಗತ್ತಿನಲ್ಲಿ ಇದಕ್ಕೆ ಸಮನಾದದ್ದು ದೀಕ್ಷಾ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಈ ವೇದಿಕೆಯ ತಳಹದಿ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ. ಅದು ಹುಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ಎಂಜಿನಿಯರ್ ಆಗಿ ನೋಡಿದರೆ ಇದು ಮೆಚ್ಚಬೇಕಾದ ಕೆಲಸ: ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಹಿಡಿದು ದೇಶದ ಬಹುತೇಕ ರಾಜ್ಯಗಳ ಕೋರ್ಸುಗಳನ್ನು ಒಂದೇ ಕಡೆ ಹೊತ್ತು ನಿಂತಿದೆ. (2023ರ ಜನವರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರು ಅಸುರಕ್ಷಿತ ಸರ್ವರಿನಲ್ಲಿ ಬಯಲಾಗಿದ್ದವು ಎಂಬ ವರದಿ ಬಂದದ್ದೂ ಇದೇ ವೇದಿಕೆಯ ಬಗ್ಗೆ. ಅದು ಬೇರೆಯದೇ ಅಂಕಣಕ್ಕೆ ವಸ್ತು.) 2019ರ ಆಗಸ್ಟ್‌ನಲ್ಲಿ ಸುಮಾರು 42 ಲಕ್ಷ ಶಿಕ್ಷಕರ ಗುರಿಯೊಂದಿಗೆ ಮುಖಾಮುಖಿಯಾಗಿ ಶುರುವಾದ ನಿಷ್ಠಾ ತರಬೇತಿ, ಕೋವಿಡ್ ಬಂದಮೇಲೆ 2020ರ ಅಕ್ಟೋಬರ್‌ನಲ್ಲಿ 18 ಮಾಡ್ಯೂಲುಗಳಾಗಿ ದೀಕ್ಷಾಕ್ಕೆ ಬಂತು. ಅಲ್ಲಿಂದ ಮುಂದಿನ ಕಥೆ ನೀವೇ ಊಹಿಸಬಹುದು. ಯೂಟ್ಯೂಬಿನಲ್ಲಿ ನಿಷ್ಠಾ ಮಾಡ್ಯೂಲಿನ ಉತ್ತರ ಎಂದು ಹುಡುಕಿ ನೋಡಿ. ಯಾವ ಭಾಷೆಯಲ್ಲಿ ಬೇಕು ಅದರಲ್ಲಿ ಸಿಗುತ್ತದೆ.

ಇದಕ್ಕೆ ಶಿಕ್ಷಕರನ್ನು ಬೈಯುವವರಿದ್ದಾರೆ. ನಾನು ಬೈಯಲಾರೆ, ನಾನೂ ಅದನ್ನೇ ಮಾಡಿದವನು. ಗಂಟೆಯನ್ನು ಅಳೆದರೆ ಜನ ಗಂಟೆಯನ್ನು ಕೊಡುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಸಿಬಿಎಸ್‌ಇ ಶಾಲೆಯ ಟೀಚರ್ ಒಬ್ಬರಿಗೆ ಫೆಬ್ರುವರಿ ಬಂತೆಂದರೆ ವರ್ಷದ ಗಂಟೆ ತುಂಬಿಸುವ ಚಿಂತೆ. ಅಡುಗೆ ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಹಾಲಿನಲ್ಲಿ ವೆಬಿನಾರ್ ಮಾತಾಡುತ್ತಿರುತ್ತದೆ.

ಹಾಗಾದರೆ ದೂರದಿಂದ, ಯಂತ್ರದ ಮೂಲಕ ಶಿಕ್ಷಕರಿಗೆ ಕಲಿಸುವುದೇ ತಪ್ಪೇ? ಐವತ್ತು ವರ್ಷದ ಹಿಂದೆ ಇದೇ ಕೃಷ್ಣೆಯ ಎರಡೂ ದಂಡೆಯಲ್ಲಿ ನಡೆದ ಪ್ರಯೋಗವೊಂದು ಹಾಗಲ್ಲ ಎನ್ನುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ, ಬಿಜಾಪುರ. ಆಂಧ್ರದ ಕಡೆಯ ಜಿಲ್ಲೆಗಳಲ್ಲಿ ಮೆಹಬೂಬ್‌ನಗರವೂ ಒಂದು. ಅಂದರೆ ಅತ್ತಿಗೆಯ ತವರು ಮತ್ತು ಗಂಡನ ಮನೆ ಎರಡೂ ಆ ನಕ್ಷೆಯೊಳಗಿದ್ದವು.

ಸೈಟ್ ಎಂದಾಕ್ಷಣ ನಮಗೆ ನೆನಪಾಗುವುದು ಕೃಷಿ ಕಾರ್ಯಕ್ರಮ, ಕುಟುಂಬ ಯೋಜನೆ. ಅದರೊಳಗೆ ಪ್ರಾಥಮಿಕ ಶಾಲೆಯ ವಿಜ್ಞಾನ ಕಲಿಸುವ ಶಿಕ್ಷಕರಿಗೆ 12 ದಿನಗಳ ತರಬೇತಿಯೂ ಇತ್ತು. ಎರಡು ಸುತ್ತುಗಳಲ್ಲಿ ಸುಮಾರು 50 ಸಾವಿರ ಶಿಕ್ಷಕರು ಅದರಲ್ಲಿ ಕೂತರು. ಭಾಗಿಸಿ ನೋಡಿದರೆ ಒಂದು ಟಿವಿಯ ಮುಂದೆ ಒಂದು ಸುತ್ತಿಗೆ ಹತ್ತು ಜನ ಮೇಷ್ಟ್ರು. ಟಿವಿ ಜೊತೆಗೆ ರೇಡಿಯೊ, ಮುದ್ರಿತ ಪಾಠ, ಕೈಯಾರೆ ಮಾಡಿ ನೋಡುವ ಚಟುವಟಿಕೆ, ಚರ್ಚೆ ನಡೆಸಿಕೊಡಲು ಒಬ್ಬ ಶಿಕ್ಷಕ. ತಂತ್ರಜ್ಞಾನ ಇಂದಿನದಕ್ಕೆ ಹೋಲಿಸಿದರೆ ಆಟಿಕೆ. ಆದರೆ ಆ ಹತ್ತು ಜನ ಒಂದೇ ಕೋಣೆಯಲ್ಲಿ ಕೂತಿದ್ದರು, ನೋಡಿದ್ದನ್ನು ಅಲ್ಲೇ ಮಾಡಿದರು, ಆಗದಿದ್ದರೆ ಪಕ್ಕದವರನ್ನು ಕೇಳಿದರು. ಇಂದು ಟಿವಿ ಪ್ರತಿಯೊಬ್ಬರ ಜೇಬಿಗೆ ಬಂದಿದೆ, ಕೋಣೆ ಮಾಯವಾಗಿದೆ.

ಕೋಣೆಯ ಬೆಲೆ ಏನೆಂಬುದಕ್ಕೆ ಅಂಕಿಅಂಶದ ಸಾಕ್ಷಿಯೂ ಉಂಟು. ದಕ್ಷಿಣ ಆಫ್ರಿಕದ ನಾರ್ತ್ ವೆಸ್ಟ್ ಪ್ರಾಂತ್ಯದ 180 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವಿಷಯ, ಮಕ್ಕಳಿಗೆ ಅವರ ಮಾತೃಭಾಷೆ ಸೆಟ್ಸ್ವಾನಾದಲ್ಲಿ ಓದು ಕಲಿಸುವುದು. ಎರಡು ಗುಂಪಿನ ಶಿಕ್ಷಕರಿಗೂ ಅದೇ ಪಾಠ ಯೋಜನೆ, ಅದೇ ಪುಸ್ತಕ. ಒಂದು ಗುಂಪನ್ನು ಊರಿನಾಚೆಯ ಕೇಂದ್ರಕ್ಕೆ ಕರೆದು ತರಬೇತಿ ಕೊಟ್ಟರು. ಇನ್ನೊಂದು ಗುಂಪಿನ ಶಿಕ್ಷಕರ ತರಗತಿಗೇ ಅನುಭವಿ ಮಾರ್ಗದರ್ಶಕರು ಹೋಗಿ, ಪಾಠ ನೋಡಿ, ತಿದ್ದಿ, ಮಾಡಿ ತೋರಿಸಿದರು. ಎರಡು ವರ್ಷದ ಬಳಿಕ ತರಗತಿಗೇ ಹೋದ ಗುಂಪಿನ ಮಕ್ಕಳ ಓದಿನ ಪ್ರಗತಿ, ಕೇಂದ್ರ ತರಬೇತಿಯ ಗುಂಪಿಗಿಂತ ಸುಮಾರು ಎರಡು ಪಟ್ಟು. ಖರ್ಚು ಹೆಚ್ಚು, ನಿಜ. ಆದರೆ ಕಲಿಕೆಯಾಗದ ತರಬೇತಿ ಎಷ್ಟು ಅಗ್ಗವಾದರೂ ದುಬಾರಿಯೇ.

ನಮ್ಮ ಹತ್ತಿರದ್ದೇ ಇನ್ನೊಂದು ಅಧ್ಯಯನ ನನ್ನಂಥವರಿಗೆ ನೇರವಾಗಿ ಮುಖಕ್ಕೆ ಹೊಡೆಯುವಂಥದ್ದು. ಅವಿಭಜಿತ ಆಂಧ್ರದ ಗ್ರಾಮೀಣ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 100 ಶಾಲೆಗಳ ಶಿಕ್ಷಕರಿಗೆ ಅವರ ಮಕ್ಕಳು ಎಲ್ಲಿ ಹಿಂದಿದ್ದಾರೆ ಎಂಬ ವಿವರವಾದ ವರದಿ ಕೊಟ್ಟರು, ಆಗಾಗ ಭೇಟಿಯನ್ನೂ ಕೊಟ್ಟರು. ಅಂದರೆ ಕಾಗದದ ಮೇಲಿನ ಡ್ಯಾಶ್‌ಬೋರ್ಡ್. ಏನೂ ಕೊಡದ 300 ಶಾಲೆಗಳೊಂದಿಗೆ ಹೋಲಿಸಿದರು. ಯಾರಾದರೂ ನೋಡಲು ಬಂದಾಗ ಈ ಶಿಕ್ಷಕರು ಹೆಚ್ಚು ಚುರುಕಾಗಿ ಕಲಿಸುತ್ತಿದ್ದದ್ದು ಕಂಡಿತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಮಕ್ಕಳ ಅಂಕ ಮಾತ್ರ ಉಳಿದವರಿಗಿಂತ ಮೇಲೇರಲಿಲ್ಲ. 2010ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಓದಿದ ರಾತ್ರಿ, ನಾನು ಕಟ್ಟಿದ ಎಷ್ಟು ವರದಿಗಳು ಇದೇ ಜಾತಿಯವು ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ.

ಈಗ ಗಡಿಯ ವಿಷಯಕ್ಕೆ ಬರೋಣ. ತರಬೇತಿಯ ತೊಂದರೆ ಎಲ್ಲ ಕಡೆ ಇದೆ. ಆದರೆ ಭಾಷಾ ಅಲ್ಪಸಂಖ್ಯಾತ ಶಾಲೆಯ ಮೇಷ್ಟ್ರಿಗೆ ಅದು ಎರಡು ಪಟ್ಟು. 1956ರ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಮಕ್ತಲ್, ನಾರಾಯಣಪೇಟೆ ಆಂಧ್ರಕ್ಕೆ ಹೋದವು. ಇಂದಿಗೂ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ತೆಲಂಗಾಣ ಸರ್ಕಾರ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತದೆ, ಡಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆ ಕರೆಯುತ್ತದೆ, ಟಿಇಟಿಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಬಹುದು. ಇವೆಲ್ಲ ಸಣ್ಣ ಸಂಗತಿಗಳಲ್ಲ, ಇದಕ್ಕೆ ಕೃತಜ್ಞತೆ ಇರಲೇಬೇಕು.

ಆದರೆ ತರಬೇತಿಯ ಕೋಣೆಗೆ ಬಂದರೆ ಅತ್ತಿಗೆ ಒಂಟಿ. ಬೇಸಿಗೆಯ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿ ತೆಲುಗಿನಲ್ಲಿ ತೆಲುಗು ಓದು ಕಲಿಸುವ ಬಗೆ ಹೇಳುತ್ತಾರೆ. ಗುಣಿತಾಕ್ಷರ, ಒತ್ತಕ್ಷರ ಎರಡೂ ಭಾಷೆಯಲ್ಲಿ ಹೆಚ್ಚು ಕಡಿಮೆ ಒಂದೇ ರೀತಿ, ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ಮಗು ಎಲ್ಲಿ ಎಡವುತ್ತದೆ, ಯಾವ ಪದದಿಂದ ಶುರು ಮಾಡಬೇಕು, ಮನೆಯಲ್ಲಿ ತೆಲುಗು ಕನ್ನಡ ಉರ್ದು ಬೆರೆಸಿ ಮಾತಾಡುವ ಮಗು ಪುಸ್ತಕದ ಕನ್ನಡಕ್ಕೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರ ಜೊತೆ ಚರ್ಚಿಸುವುದು? ಒಮ್ಮೆ ಅವರು ಕೇಳಿದಾಗ ಸಿಕ್ಕ ಉತ್ತರ, ‘ಮೇಡಂ, ನೀವು ಹೇಗಿದ್ದರೂ ಕನ್ನಡದವರು, ನೋಡಿಕೊಳ್ಳಿ.’

ಟಿಇಟಿಯ ತಯಾರಿಯಲ್ಲಿ ಇದೇ ತೊಡಕು ಇನ್ನೂ ಹರಿತವಾಗುತ್ತದೆ. ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆ, 150 ನಿಮಿಷ. ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ, ಮೊದಲ ಭಾಷೆ, ಎರಡನೇ ಭಾಷೆಯಾಗಿ ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ತಲಾ 30. ಪ್ರಶ್ನೆಗಳು ತೆಲಂಗಾಣದ ಪಠ್ಯಕ್ರಮದ ಆಧಾರದ ಮೇಲೆ. ರಾಯಚೂರಿನ ಕನ್ನಡ ಗೈಡು ಶಿಶು ವಿಕಾಸಕ್ಕೂ ಗಣಿತಕ್ಕೂ ಆಗುತ್ತದೆ. ಪರಿಸರ ಅಧ್ಯಯನಕ್ಕೆ ಬಂದರೆ ಅದರಲ್ಲಿರುವುದು ಕರ್ನಾಟಕದ ನದಿ, ಕರ್ನಾಟಕದ ಹಬ್ಬ. ಕೋಠಿಯ ತೆಲುಗು ಗೈಡಿನಲ್ಲಿ ಬತುಕಮ್ಮ ಇದೆ, ಸಮ್ಮಕ್ಕ ಸಾರಲಮ್ಮ ಜಾತ್ರೆ ಇದೆ, ಕನ್ನಡ ಭಾಷೆಯ ಭಾಗ ಇಲ್ಲ. ಅದಕ್ಕೇ ನಾಲ್ಕು ಪುಸ್ತಕ. ಜೊತೆಗೆ, ತೆಲಂಗಾಣದಲ್ಲಿ 2024ರಿಂದ ಈ ಪರೀಕ್ಷೆ ಕಂಪ್ಯೂಟರ್ ಮೇಲೆ. ಇಪ್ಪತ್ತು ವರ್ಷ ಬಳಪ ಹಿಡಿದವರು ಮೌಸ್ ಹಿಡಿದು ನಿಮಿಷಕ್ಕೊಂದು ಪ್ರಶ್ನೆ ಉತ್ತರಿಸಬೇಕು. ಇದನ್ನು ಮಾತ್ರ ನಾನು ಕಲಿಸಿಕೊಡಬಲ್ಲೆ ಎಂದು ನನ್ನ ಹಳೆಯ ಲ್ಯಾಪ್‌ಟಾಪ್ ಬಿಟ್ಟು ಬಂದೆ.

ಕನ್ನಡದಲ್ಲಿ ಸಂಪನ್ಮೂಲ ಇಲ್ಲವೇ ಎಂದರೆ, ಧಾರಾಳವಾಗಿ ಇದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಬರೆದ ಪಾಠಗಳಿವೆ. ಅದರ ಜೊತೆಗೇ ಬೆಳೆದ ವಿಷಯ ಶಿಕ್ಷಕರ ವೇದಿಕೆಯಲ್ಲಿ ರಾಜ್ಯದ ಸಾವಿರಾರು ಪ್ರೌಢಶಾಲಾ ಶಿಕ್ಷಕರು ಒಬ್ಬರನ್ನೊಬ್ಬರು ಕೇಳಿ ಕಲಿತರು. ದೂರವಿದ್ದೂ ಒಂದೇ ಕೋಣೆಯಲ್ಲಿ ಕೂತ ಹಾಗೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದದಲ್ಲಿ ಶಿಕ್ಷಣದ ಒಳ್ಳೊಳ್ಳೆಯ ಬರಹಗಳು ಕನ್ನಡದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮುಖ್ಯ ಶಿಕ್ಷಕರಿಗೆಂದೇ ಧಾರವಾಡದಲ್ಲಿ ಶಾಲಾ ನಾಯಕತ್ವದ ರಾಜ್ಯ ಸಂಸ್ಥೆ ಸಿಸ್ಲೆಪ್ ಇದೆ. ಇವು ಯಾವುದಕ್ಕೂ ಗಡಿಗೇಟು ಇಲ್ಲ. ಆದರೆ ಅತ್ತಿಗೆ ಇವುಗಳಲ್ಲಿ ಕಳೆಯುವ ಒಂದು ಗಂಟೆಯೂ ಅವರ ಇಲಾಖೆಯ ಐವತ್ತರಲ್ಲಿ ಸೇರುವ ದಾರಿ ಅವರಿಗೆ ಕಂಡಿಲ್ಲ. ಗಂಟೆ ಎಣಿಸುವ ಯಂತ್ರಕ್ಕೆ ರಾಜ್ಯ ಗೊತ್ತು, ಭಾಷೆ ಗೊತ್ತಿಲ್ಲ.

ಮುಖ್ಯ ಶಿಕ್ಷಕರ ಪಾಡನ್ನೂ ಹೇಳಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಐದು ತರಗತಿಗೂ ಇನ್ನೊಬ್ಬರೇ. ಆ ಇನ್ನೊಬ್ಬರೇ ಮುಖ್ಯ ಶಿಕ್ಷಕರೂ ಆಗಿರುತ್ತಾರೆ. ಬಿಸಿಯೂಟದ ಲೆಕ್ಕ, ಯುಡೈಸ್ ಮಾಹಿತಿ, ಮುಖ ಗುರುತಿಸುವ ಆ್ಯಪಿನಲ್ಲಿ ಹಾಜರಿ, ಎಲ್ಲ ಅವರ ಫೋನಿನಲ್ಲಿ. ಸಹೋದ್ಯೋಗಿಯ ಪಾಠ ನೋಡಿ ಒಂದು ಮಾತು ಹೇಳಬೇಕಾದ ವ್ಯಕ್ತಿಗೆ ಎದ್ದು ಆ ಕೋಣೆಗೆ ಹೋಗಲು ಪುರುಸೊತ್ತಿಲ್ಲ. 2024ರ ಮಾರ್ಚ್‌ನಲ್ಲಿ ಎನ್‌ಸಿಟಿಇ ರಾಷ್ಟ್ರೀಯ ಮಾರ್ಗದರ್ಶನ ಅಭಿಯಾನದ ದಾಖಲೆ ಬಿಡುಗಡೆ ಮಾಡಿತು. ಅನುಭವಿಯೊಬ್ಬರು ಜೊತೆ ನಿಂತು ಕಲಿಸಬೇಕು ಎಂಬ ವಿಚಾರ ಅದರದ್ದು. ಅಂದರೆ ದೆಹಲಿಗೂ ಈ ಸತ್ಯ ಗೊತ್ತು. ಗೊತ್ತಿರುವುದು ಮಂಡಲಕ್ಕೆ ಇಳಿಯಬೇಕು.

ನನಗೆ ತೋಚುವ ದಾರಿ ದೊಡ್ಡ ಯೋಜನೆಯದ್ದಲ್ಲ. ರಾಯಚೂರಿನ ಡಯಟ್ ಇರುವುದು ಯರಮರಸಿನಲ್ಲಿ, ಹೈದರಾಬಾದ್ ರಸ್ತೆಯಲ್ಲೇ. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಅದು ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ರಾಯಚೂರು ಕಡೆಯ ಕ್ಲಸ್ಟರ್ ಸಮಾಲೋಚನಾ ಸಭೆಗಳಿಗೆ ತೆಲಂಗಾಣದ ಕನ್ನಡ ಶಿಕ್ಷಕರೂ ಬಂದು ಕೂರಲಿ, ಆ ಗಂಟೆಗಳನ್ನು ತೆಲಂಗಾಣ ಎಣಿಸಿಕೊಳ್ಳಲಿ. ಎರಡು ರಾಜ್ಯಗಳ ಶಿಕ್ಷಣ ಸಂಶೋಧನಾ ಸಂಸ್ಥೆಗಳ ನಡುವೆ ಒಂದು ಪತ್ರ ಓಡಾಡಿದರೆ ಆಗುವ ಕೆಲಸ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಅದರಲ್ಲಿ ಒಂದು ಪಾಲು ನಿವೃತ್ತ ಶಿಕ್ಷಕರನ್ನು ತಿಂಗಳಿಗೊಮ್ಮೆ ಆ ತರಗತಿಗಳಿಗೆ ಕಳಿಸಲು ಹೋದರೆ, ದಕ್ಷಿಣ ಆಫ್ರಿಕದವರು ಮಾಡಿದ್ದೇ ನಮ್ಮಲ್ಲೂ ಆಗುತ್ತದೆ. ಮತ್ತು ಈ ಎರಡು ವರ್ಷದ ಮಟ್ಟಿಗಾದರೂ, ನೂರು ಗಂಟೆಯಲ್ಲಿ ಅರ್ಧವನ್ನು ಸೇವಾನಿರತರ ಟಿಇಟಿ ತಯಾರಿಗೆ ಎಂದು ಘೋಷಿಸಬಾರದೇಕೆ? ಪರೀಕ್ಷೆಗೆ ಬೇಕಾದ ಗಣಿತ, ಭಾಷೆ, ಶಿಶು ವಿಕಾಸ ತರಗತಿಗೂ ಬೇಕಾದದ್ದೇ ತಾನೆ?

ಕಾಸರಗೋಡಿನ ಕನ್ನಡಿಗರು ಸಂಖ್ಯೆಯಲ್ಲೂ ಸಂಘಟನೆಯಲ್ಲೂ ಬಲವಾಗಿದ್ದಾರೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದರೆ ಬೀದಿಗಿಳಿಯುತ್ತಾರೆ, ಸುದ್ದಿಯಾಗುತ್ತದೆ. ನಾರಾಯಣಪೇಟೆಯ ಬೆರಳೆಣಿಕೆಯ ಶಾಲೆಗಳಿಗೆ ಆ ಬಲವಿಲ್ಲ. ಹೈದರಾಬಾದಿನಲ್ಲಿರುವ ನಾವು ಕಾಚಿಗುಡದಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ಒಳ್ಳೆಯದೇ. ನಮ್ಮಲ್ಲಿ ಸಾಫ್ಟ್‌ವೇರಿನವರೇ ಇಷ್ಟೊಂದು ಜನ ಇದ್ದೂ, ತೆಲಂಗಾಣ ಪಠ್ಯಕ್ರಮದ ಪರಿಸರ ಅಧ್ಯಯನಕ್ಕೆ ಕನ್ನಡದಲ್ಲಿ ಒಂದು ಪ್ರಶ್ನೆಕೋಶ ಮಾಡಿಕೊಟ್ಟಿಲ್ಲ. ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಗಿರುವಾಗ ಇದು ಮೂರ್ನಾಲ್ಕು ವಾರಾಂತ್ಯದ ಕೆಲಸ.

ಶುರು ಮಾಡಿದ್ದೇವೆ. ನಾನು, ಕಲಬುರಗಿಯ ಇಬ್ಬರು ಗೆಳೆಯರು, ಮತ್ತು ಪ್ರಶ್ನೆ ತಿದ್ದುವುದಕ್ಕೆ ಅತ್ತಿಗೆ. ಮೊದಲ ಮೂವತ್ತು ಪ್ರಶ್ನೆ ಕಳಿಸಿದಾಗ ಹನ್ನೊಂದರ ಕನ್ನಡ ಸರಿಯಿಲ್ಲ ಎಂದು ಕೆಂಪು ಗೆರೆ ಹಾಕಿ ವಾಟ್ಸ್ಆ್ಯಪಿನಲ್ಲಿ ವಾಪಸು ಕಳಿಸಿದರು. ಅವರ ಶಾಲೆಯ ಇನ್ನೊಬ್ಬ ಟೀಚರೂ, ಪಕ್ಕದ ಊರಿನ ಇಬ್ಬರು ಮೇಷ್ಟ್ರೂ ಈಗ ಭಾನುವಾರ ಮಧ್ಯಾಹ್ನ ರಾಯಚೂರಿನ ಮನೆಗೆ ಬರುತ್ತಾರೆ. ಲ್ಯಾಪ್‌ಟಾಪ್ ಒಂದೇ ಇರುವುದರಿಂದ ಸರದಿಯ ಮೇಲೆ ಅಭ್ಯಾಸ. ಕಳೆದ ವಾರ ಪ್ರಶ್ನೆ ಬಿಟ್ಟು, ಮೂರನೇ ಕ್ಲಾಸಿನ ಮಕ್ಕಳಿಗೆ ದಶಕ ಕಳೆಯುವ ಲೆಕ್ಕ ಹೇಗೆ ಹೇಳುವುದು ಎಂದು ಎರಡು ಗಂಟೆ ಜಗಳವಾಡಿದರಂತೆ.